ಮೊಂತರೇಹೊ ಚರ್ಚಿನ ಬೀಗದಕೈ

ಎಯ್ಬಾರ್, 24 ಜೂನ್ 1997

ಸತುರಿಯಾ ಅವರಿಗೆ ನಮಸ್ಕಾರ.

ಕಳೆದ ಬುಧವಾರ ಮಧ್ಯಾಹ್ನ ನಿಮ್ಮ ಮನೆಯಲ್ಲಿ ಬೆಳ್ಳುಳ್ಳಿ ಸಾರು ಉಂಡು ಹೋದ ಸೈಕಲ್ ಸವಾರ ನಾನು. ನೀಲಿ ಸೈಕಲ್, ಹಿಂದೆ ಎರಡು ಚೀಲ, ಬಿಳಿ ಮೀಸೆ. ಹೆಸರು ಫೆರ್ಮಿನ್ ಲಿಸರಾಲ್ದೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮೂರ ಚರ್ಚಿನ ಬೀಗದಕೈ ನನ್ನ ಬಳಿ ಇದೆ.

ಅವತ್ತು ಚರ್ಚನ್ನು ನೋಡಿಯಾದ ಮೇಲೆ ನಾನೇ ಬಾಗಿಲಿಗೆ ಬೀಗ ಹಾಕಿದೆ. ಬೀಗದಕೈ ಒಂದೂವರೆ ಗೇಣು ಉದ್ದ, ಜೇಬಿಗೆ ಹಿಡಿಯಲಿಲ್ಲ. ಹ್ಯಾಂಡಲಿಗೆ ಕಟ್ಟಿದ ಚೀಲದಲ್ಲಿ ಹಾಕಿಕೊಂಡು ನಿಮಗೆ ಕೊಡಲೆಂದು ಇಳಿಜಾರಿನಲ್ಲಿ ಬಂದೆ. ನಿಮ್ಮ ಮನೆಯ ಮುಂದೆ ಕುರಿಮಂದೆ ಅಡ್ಡ ನಿಂತಿತ್ತು. "ಕಣದ ಕಡೆಯಿಂದ ಹೋಗ್ರಿ ಸ್ವಾಮಿ, ಕುರಿ ಬೆದರ್ತಾವೆ!" ಎಂದು ಯಾರೋ ಕೂಗಿದರು. ಕಣ ಸುತ್ತಿ ಹೋದವನು ನೇರ ಡಾಂಬರು ರಸ್ತೆಗೆ ಬಿದ್ದೆ. ನನ್ನ ತಲೆಯಲ್ಲಿ ಚರ್ಚಿನ ಪಡಸಾಲೆಯ ಕಲ್ಲುಗಳೇ ತುಂಬಿದ್ದವು. ಎಂಟುನೂರು ವರ್ಷದ ಹಿಂದಿನ ಕಲ್ಲುಕುಟಿಗರು ಒಂದೊಂದು ಕಲ್ಲಿನ ಮೇಲೂ ತಮ್ಮ ಗುರುತು ಕೆತ್ತಿದ್ದಾರಲ್ಲ, ಅವನ್ನು ಮನಸ್ಸಿನಲ್ಲೇ ಎಣಿಸುತ್ತ ಪೆಡಲ್ ತುಳಿದೆ. ಊರಿಗೆ ಬಂದು ಚೀಲ ಖಾಲಿ ಮಾಡುವಾಗ ಬೀಗದಕೈ ಕೈಗೆ ಸಿಕ್ಕಿತು.

ಹದಿನೈದು ದಿನದಲ್ಲಿ ರಿಜಿಸ್ಟರ್ ಪಾರ್ಸೆಲ್ ಮಾಡುತ್ತೇನೆ. ಅವಸರದಲ್ಲಿ ಬರೆದದ್ದರಿಂದ ಅಕ್ಷರ ಕೆಟ್ಟಿದೆ, ಕ್ಷಮಿಸಿ.

ಫೆರ್ಮಿನ್ ಲಿಸರಾಲ್ದೆ

*

ಮೊಂತರೇಹೊ, 1 ಜುಲೈ 1997

ಎಯ್ಬಾರಿನ ಸವಾರರಿಗೆ,

ಹದಿಮೂರು ದಿನ! ಕೋಳಿಗೂಡು, ಹುಲ್ಲುಮೆದೆ, ಮೂವತ್ತೊಂದು ಜೇನುಪೆಟ್ಟಿಗೆ ಎಲ್ಲ ಕೆದಕಿ ಹುಡುಕಿದೆ. ಹುಡುಕುತ್ತಿರುವುದು ಯಾರಿಗೂ ಗೊತ್ತಾಗದ ಹಾಗೆ ಹುಡುಕುವುದು ಎಷ್ಟು ಕಷ್ಟವೆಂದು ನಿಮಗೆ ತಿಳಿಯದು. ನಿಮ್ಮ ಅಕ್ಷರದ ವಿಷಯ: ನನ್ನ ಕೋಳಿಗಳು ಕಾಲಿಗೆ ಶಾಯಿ ಹಚ್ಚಿಕೊಂಡು ನಡೆದರೂ ಇದಕ್ಕಿಂತ ನೆಟ್ಟಗೆ ಬರುತ್ತಿತ್ತು.

ಪಾರ್ಸೆಲ್ ಬೇಡ. ಮಂಗಳವಾರ, ಶುಕ್ರವಾರ ಬರುವ ಪೋಸ್ಟ್‌ಮನ್ ಪ್ರತಿ ಪೊಟ್ಟಣವನ್ನೂ ಅದುಮಿ ನೋಡುವವನು. ಮಧ್ಯಾಹ್ನದೊಳಗೆ ಎಂಟು ಊರಿಗೆ ಸುದ್ದಿಯಾಗುತ್ತದೆ. ಫೋನೂ ಬೇಡ. ಇರುವ ಒಂದೇ ಫೋನು ಮೇಯರ್ ಕ್ರಿಸಾಂತೊನ ಅಡುಗೆಮನೆಯಲ್ಲಿದೆ.

ನೀವು ಏನು ಒಯ್ದಿದ್ದೀರಿ ಎಂಬುದು ನಿಮಗೆ ಗೊತ್ತಿರಲಿ. ನಮ್ಮೂರಲ್ಲಿ ಚಳಿಗಾಲದಲ್ಲೂ ಹೊಗೆಯಾಡುವ ಮನೆ ಒಂಬತ್ತು. ಚರ್ಚಿನ ಬೀಗದಕೈ ಈ ಒಂಬತ್ತು ಮನೆಗಳಲ್ಲಿ ತಿಂಗಳಿಗೊಂದರಂತೆ ಸರದಿಯಲ್ಲಿ ತಿರುಗುತ್ತದೆ. ಅಜ್ಜಿಯ ಅಜ್ಜಿಯ ಕಾಲದಿಂದ ಹೀಗೇ. ಹೊರಗಿನವರು ಕೇಳಿದರೆ ಕೊಡಬೇಕು, ಆದರೆ ಒತ್ತೆ ಇಟ್ಟುಕೊಂಡು ಪುಸ್ತಕದಲ್ಲಿ ಬರೆದು ಕೊಡಬೇಕು. ಟೋಪಿಯೋ ಗಡಿಯಾರವೋ ಏನಾದರೂ ಸರಿ. ಜೂನ್ ನನ್ನ ಸರದಿ. ನಾನು ನಿಮ್ಮಿಂದ ಒತ್ತೆ ಕೇಳಲಿಲ್ಲ. ನನ್ನ ಮೇಜಿನಲ್ಲಿ ಉಂಡವರ ಮುಂದೆ ಕೈ ಚಾಚಿ ಒತ್ತೆ ಕೇಳುವುದು ನನ್ನಿಂದಾಗದು. ಆ ತಪ್ಪು ನನ್ನದೇ, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಎಂಟು ಊರಿಗೂ ಒಬ್ಬರೇ ಪಾದ್ರಿ, ದೋನ್ ಸೆಲೆದೋನಿಯೊ. ಎಲ್ಲ ಚರ್ಚುಗಳ ಬೀಗದಕೈ ಇನ್ನು ಮುಂದೆ ತಮ್ಮ ಮನೆಯ ಕಪಾಟಿನಲ್ಲಿರಬೇಕೆಂದು ಅವರು ಹೊರಟಿದ್ದಾರೆ. ಎರಡು ಊರಿನವರು ಕಳೆದುಕೊಂಡದ್ದು ನಿಜ. ಏಳು ಊರಿನವರು ಆಗಲೇ ಕೊಟ್ಟುಬಿಟ್ಟರು. ನಾವು ಕೊಡಲಿಲ್ಲ. "ಆಗಸ್ಟ್ ಹದಿನೈದರ ಹಬ್ಬಕ್ಕೆ ಬರ್ತೀನಿ. ಬೀಗದಕೈ, ಸರದಿ ಪುಸ್ತಕ ಎರಡೂ ಸರಿಯಾಗಿದ್ರೆ ನಿಮ್ಮತ್ರಾನೇ ಇರ್ಲಿ. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಕೊಡಬೇಕು," ಎಂದಿದ್ದಾರೆ.

ಅದು ಕೈಯಿಂದ ಕೈಗೆ ಹೋಗುವ ವಸ್ತು. ಒಯ್ದ ಕೈಯೇ ತರಲಿ. ಬೇಗ ತರಲಿ.

ಸತುರಿಯಾ ಲಾಸ್ ಎರಾಸ್

*

ಎಯ್ಬಾರ್, 8 ಜುಲೈ 1997

ಸತುರಿಯಾ ಅವರಿಗೆ,

ತರುತ್ತೇನೆ. ಆದರೆ ಆಗಸ್ಟಿಗೆ ಮೊದಲು ಆಗದು, ಇಲ್ಲಿ ಕೆಲಸವಿದೆ. ಬಸ್ಸಿನಲ್ಲಿ ಬರಬಹುದಲ್ಲ ಎಂದು ನೀವು ಕೇಳಬಹುದು. ಸೈಕಲ್ಲಿನಲ್ಲಿ ಒಯ್ದದ್ದನ್ನು ಸೈಕಲ್ಲಿನಲ್ಲೇ ತರುತ್ತೇನೆ.

ನಾನು ಬೇಜವಾಬ್ದಾರಿ ಮನುಷ್ಯನಲ್ಲ. ಇದೇ ಊರಿನ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ಸೈಕಲ್ ಚೌಕಟ್ಟುಗಳಿಗೆ ಹಿತ್ತಾಳೆ ಬೆಸುಗೆ ಹಾಕಿದವನು. ಪ್ರತಿ ಚೌಕಟ್ಟಿನ ಅಡಿಯಲ್ಲಿ ನನ್ನ ಗುರುತು ಒತ್ತುತ್ತಿದ್ದೆ, ಮೂರು ಚುಕ್ಕೆ. ಬೆಸುಗೆ ಬಿಟ್ಟಿತೆಂದು ಒಂದೇ ಒಂದು ಚೌಕಟ್ಟೂ ಹಿಂದಕ್ಕೆ ಬಂದದ್ದಿಲ್ಲ. ನಿಮ್ಮ ಪಡಸಾಲೆಯ ಕಲ್ಲುಗುರುತುಗಳ ಮುಂದೆ ನಾನು ಅಷ್ಟು ಹೊತ್ತು ನಿಂತದ್ದು ಅದಕ್ಕೇ.

ಒಂದು ಪ್ರಶ್ನೆ. ಬಾಗಿಲು ತೆರೆಯುವಾಗ ಬೀಗದಕೈ ತಿರುಗಿಸುತ್ತಲೇ ಮಂಡಿಯಿಂದ ಬಾಗಿಲನ್ನು ಗುದ್ದಿ ಎತ್ತಬೇಕೆಂದು ನೀವು ತೋರಿಸಿದಿರಿ. ಇದು ಎಂದಿನಿಂದ?

ಫೆರ್ಮಿನ್

*

ಮೊಂತರೇಹೊ, 15 ಜುಲೈ 1997

ಫೆರ್ಮಿನ್ ಅವರಿಗೆ,

ನಿವೃತ್ತರಾದವರಿಗೆ ಕೆಲಸವಿದೆಯಂತೆ! ಇಲ್ಲಿ ಗೋಧಿ ಕೊಯ್ಲು ನಡೆಯುತ್ತಿದೆ. ನಮಗೆ ಯಾರಿಗೂ ಕೆಲಸವಿಲ್ಲ ನೋಡಿ, ಸುಮ್ಮನೆ ಕೂತು ನಿಮ್ಮ ದಾರಿ ಕಾಯುತ್ತಿದ್ದೇವೆ. ಮತ್ತೊಂದು ಊಟದ ಆಸೆಗೆ ಹಬ್ಬದ ದಿನವೇ ಬರುವ ಲೆಕ್ಕಾಚಾರವಿದ್ದರೆ ಹೇಳಿಬಿಡಿ, ಹಂದಿಮಾಂಸ ಹುರಿದು ಕಟ್ಟಿ ಕಳಿಸುತ್ತೇನೆ.

ಮಂಡಿಯ ವಿಷಯ: ನನ್ನ ಅಜ್ಜಿಯೂ ಮಂಡಿ ಕೊಟ್ಟೇ ತೆರೆಯುತ್ತಿದ್ದಳು. ಇಲ್ಲಿ ಹುಟ್ಟಿದವರಿಗೆ ಮಾತ್ರ ಆ ಪಟ್ಟು ಸಿಗುವುದು. ಸರಗೋಸಾದಲ್ಲಿ ಬೆಳೆದ ನಮ್ಮವರ ಮಕ್ಕಳಿಗೂ ಬರುವುದಿಲ್ಲ.

ನನ್ನ ಅವಸ್ಥೆ ಕೇಳಿ. ಜುಲೈ ಕ್ರಿಸಾಂತೊನ ಸರದಿ. ಒಂದನೇ ತಾರೀಖು ಬಂದು ಬಾಗಿಲಲ್ಲಿ ನಿಂತ. "ಕೊಡು ಸತುರಿಯಾ."

"ನಿಂಗೆ ಕೊಯ್ಲಿದೆ. ನಾನೇ ನೋಡ್ಕೋತೀನಿ, ಹೋಗು."

"ಏನಮ್ಮ, ಇದ್ದಕ್ಕಿದ್ದಂಗೆ ದೇವ್ರ ಮೇಲೆ ಇಷ್ಟು ಭಕ್ತಿ?"

"ವಯಸ್ಸಾಯ್ತಲ್ಲ."

"ಭಕ್ತಿ ಬಂದ ಮೇಲೆ ನಾಲಿಗೆ ಸ್ವಲ್ಪ ಮೆತ್ತಗಾಗಬೇಕಿತ್ತು," ಎಂದು ಹೇಳಿ ಹೋದ.

ಆಗಸ್ಟ್ ಎಲಾದಿಯೊ ತಾತನದು. ಎಂಬತ್ತಾರು ವರ್ಷದ ಕುರುಬ. ನಿಮ್ಮನ್ನು ಕಣದ ಕಡೆಗೆ ಕೂಗಿ ಕಳಿಸಿದ್ದು ಅವನೇ. ಅವನ ಕಣ್ಣು ಮಂಜಾಗಿದೆ ಎಂಬ ನೆಪ ಹೇಳಿ ಆ ತಿಂಗಳನ್ನೂ ನಾನೇ ಇಟ್ಟುಕೊಂಡೆ. ಮೊನ್ನೆ ಭಾನುವಾರ ಪೂಜೆಗೆ ಬಂದ ಪಾದ್ರಿಗೆ, ಬಾಗಿಲ ಹಿಂದೆ ಜೇನು ಕುಳಿತಿದೆ, ಈಗ ತೆರೆದರೆ ಎಲ್ಲರಿಗೂ ಕಚ್ಚುತ್ತದೆ ಎಂದೆ. ಜೇನು ಸಾಕುವವಳ ಮಾತಿಗೆ ಯಾರು ಎದುರಾಡುತ್ತಾರೆ? ಪಡಸಾಲೆಯಲ್ಲೇ ಪೂಜೆ ಮುಗಿಸಿದರು. ಅರವತ್ತೊಂದು ವರ್ಷದಲ್ಲಿ ಹೇಳದಷ್ಟು ಸುಳ್ಳನ್ನು ನಿಮ್ಮ ದೆಸೆಯಿಂದ ಒಂದೇ ತಿಂಗಳಲ್ಲಿ ಹೇಳಿದೆ.

ನೀವು ಬರದಿದ್ದರೆ ಊರಿನ ಬೀಗದಕೈ ಹೋಗುವುದು ನನ್ನ ಸರದಿಯಲ್ಲಿ, ನನ್ನ ಹೆಸರಿನಲ್ಲಿ. ಇಷ್ಟು ನೆನಪಿರಲಿ.

ಸತುರಿಯಾ

*

ಎಯ್ಬಾರ್, 29 ಜುಲೈ 1997

ಸತುರಿಯಾ ಅವರಿಗೆ,

ಊಟಕ್ಕಾಗಿ ಬರುತ್ತಿಲ್ಲ.

ಆಗಸ್ಟ್ 10ರಂದು ಹೊರಡುತ್ತೇನೆ. ಮೊದಲ ರಾತ್ರಿ ವಿತೋರಿಯಾ, ಎರಡನೆಯದು ಲೊಗ್ರೊನ್ಯೊ. ಮೂರನೆಯ ದಿನ ಪಿಕೇರಸ್ ಘಾಟಿ ಹತ್ತಿ ಕೆಳಗಿನ ಯಾವುದಾದರೂ ಹಳ್ಳಿಯಲ್ಲಿ ತಂಗುವೆ. ನಾಲ್ಕನೆಯ ದಿನ ಸೋರಿಯಾ ದಾಟಿ ಕಾಲತನ್ಯಸೋರ್. 14ರ ಮಧ್ಯಾಹ್ನ ನಿಮ್ಮೂರು. ಒಟ್ಟು ಇನ್ನೂರ ಎಪ್ಪತ್ತು ಕಿಲೋಮೀಟರ್. ಹೇಳಿದ ದಿನ ತಲುಪುತ್ತೇನೆ.

ಫೆರ್ಮಿನ್

*

ಮೊಂತರೇಹೊ, 5 ಆಗಸ್ಟ್ 1997

ಫೆರ್ಮಿನ್ ಅವರಿಗೆ,

ಊರೊಳಗೆ ಬರಬೇಡಿ. ಹಬ್ಬಕ್ಕೆ ಸರಗೋಸಾ, ಬಾರ್ಸಿಲೋನಾದಿಂದ ಎಲ್ಲರೂ ಬಂದಿದ್ದಾರೆ. ಪ್ರತಿ ಕಿಟಕಿಯಲ್ಲೂ ಎರಡೆರಡು ತಲೆ. ಊರಿಗೆ ಅರ್ಧ ಕಿಲೋಮೀಟರ್ ಮೊದಲು ಪಾಪ್ಲರ್ ಮರಗಳ ಕೆಳಗೆ ಒಂದು ಕಲ್ಲಿನ ಚಿಲುಮೆ ಇದೆ. ಮೂರೂವರೆಗೆ ಅಲ್ಲಿರಿ. ಆ ಹೊತ್ತಿಗೆ ಊರೆಲ್ಲ ಉಂಡು ಮಲಗಿರುತ್ತದೆ. ಬೀಗದಕೈ ಕೊಟ್ಟು ಹಾಗೇ ಹಿಂದಿರುಗಿ.

ಸತುರಿಯಾ

*

ಬೆರ್ಲಾಂಗಾ, 14 ಆಗಸ್ಟ್ 1997, ಸಂಜೆ

ಸತುರಿಯಾ ಅವರಿಗೆ,

ಕೋಟೆಯ ಕೆಳಗಿನ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಮನೆಯ ದಾರಿ ಹಿಡಿಯುವ ಮೊದಲು ಹೇಳಬೇಕಾದ್ದು ಎರಡಿವೆ.

ಒಂದು. ಐದು ದಿನ ತುಳಿದೆ. ಘಾಟಿಯ ಮೇಲೆ ಎದುರುಗಾಳಿ. ಎಂಟು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿಯಿತು. ಇಪ್ಪತ್ತೆರಡು ವರ್ಷದಿಂದ ಈ ಸೀಮೆಯಲ್ಲಿ ಸೈಕಲ್ ಓಡಿಸುತ್ತಿದ್ದೇನೆ. ಗುರುತು ಪರಿಚಯವಿಲ್ಲದ ಹಳ್ಳಿಗಳಲ್ಲೂ, "ಎಲ್ಲಿಂದ ಬಂದ್ರಿ, ಕೂತ್ಕೊಳ್ಳಿ, ಬಾಟ್ಲಿ ಕೊಡಿ ನೀರು ತುಂಬಿಸ್ತೀನಿ," ಎನ್ನುತ್ತಾರೆ. ನೀವು ಚಿಲುಮೆಯ ಪಕ್ಕದಲ್ಲೇ ನಿಂತು ನೀರು ಬೇಕೇ ಎಂದು ಕೇಳಲಿಲ್ಲ. ಬೀಗದಕೈಯನ್ನು ಏಪ್ರನ್ನಿನೊಳಗೆ ಮುಚ್ಚಿಟ್ಟುಕೊಂಡು, "ಹೊರಡಿ, ಬೇಗ," ಎಂದಿರಿ. ಕದ್ದ ಮಾಲು ಒಪ್ಪಿಸಿದವನ ಹಾಗೆ ವಾಪಸ್ಸು ಬಂದೆ. ನಾನು ಮರೆತು ಒಯ್ದವನು, ಕದ್ದವನಲ್ಲ.

ಎರಡು. ಇದನ್ನು ನಾನು ಮುಚ್ಚಿಟ್ಟಿದ್ದೆ. ಜೂನ್ 19ರಂದು ಪಿಕೇರಸ್ ಇಳಿಜಾರಿನಲ್ಲಿ ಜಲ್ಲಿಯ ಮೇಲೆ ಸೈಕಲ್ ಜಾರಿ ಬಿದ್ದೆ. ಬೀಗದಕೈ ಹಲ್ಲಿನ ಬುಡದಲ್ಲಿ ಎರಡು ತುಂಡಾಯಿತು. ಅದಕ್ಕೇ ಹದಿನೈದು ದಿನ ಕೇಳಿದ್ದು, ಅದಕ್ಕೇ ಆಗಸ್ಟ್ ಎಂದದ್ದು. ಜುಲೈ 26ರಂದು ಹಳೆಯ ಕಾರ್ಖಾನೆಗೆ ಹೋಗಿ ಬೆಸುಗೆ ಹಾಕಿದೆ. ಹಲ್ಲಿನ ಒಂದು ಮೂಲೆ ಸವೆದುಹೋಗಿತ್ತು. ಬಾಗಿಲಿಗೆ ಮಂಡಿ ಕೊಡಬೇಕಾದದ್ದು ಆ ಸವೆತದಿಂದಲೇ ಎಂದು ನನಗನ್ನಿಸಿತು. ಹಿತ್ತಾಳೆ ತುಂಬಿ, ಅರದಿಂದ ಉಜ್ಜಿ, ಮೂಲೆ ಎಬ್ಬಿಸಿದೆ. ಬೀಗ ಕಣ್ಣೆದುರಿಗೆ ಇಲ್ಲದೆ ಬರೀ ಅಂದಾಜಿನ ಮೇಲೆ ಮಾಡಿದ ಕೆಲಸ. ತೆರೆಯುತ್ತದೆ ಎಂದೇ ನಂಬಿದ್ದೇನೆ. ಅದನ್ನು ಬಾಗಿಲಿಗೆ ಹಾಕಿ ನೋಡುವ ಅವಕಾಶವನ್ನೂ ನೀವು ಕೊಡಲಿಲ್ಲ.

ಇನ್ನು ನಾನು ಬರೆಯುವುದಿಲ್ಲ.

ಫೆರ್ಮಿನ್ ಲಿಸರಾಲ್ದೆ

*

ಮೊಂತರೇಹೊ, 19 ಆಗಸ್ಟ್ 1997

ಫೆರ್ಮಿನ್,

ನಿಮ್ಮ ಪತ್ರ ಇವತ್ತು ಬಂತು. ಸಿಟ್ಟಿನ ಒಂದಕ್ಷರವೂ ಬಿಡದೆ ಓದಿದೆ. ಈಗ ನೀವು ಕೂತು ಇದನ್ನು ಓದಿ.

ಹದಿನೈದರ ಬೆಳಿಗ್ಗೆ ಹನ್ನೊಂದಕ್ಕೆ ಪಡಸಾಲೆಯಲ್ಲಿ ನೂರಿಪ್ಪತ್ತು ಜನ. ಹಬ್ಬದ ದಿನ ಬಾಗಿಲು ತೆರೆಯುವವನು ಮೇಯರ್. ಕ್ರಿಸಾಂತೊ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಟೈ ಕಟ್ಟಿ ಬಂದಿದ್ದ. ನನ್ನ ಕೈಯಿಂದ ಬೀಗದಕೈ ತಗೊಂಡ. ಹಾಕಿದ, ತಿರುಗಿಸಿದ, ನಲವತ್ತು ವರ್ಷದ ರೂಢಿಯಂತೆ ಮೈಯೆಲ್ಲ ಬಲ ಹಾಕಿ ಮಂಡಿ ಕೊಟ್ಟ. ಬಾಗಿಲು ಅಷ್ಟರೊಳಗೆ ತಾನಾಗಿ ತೆರೆದುಕೊಂಡಿತ್ತು. ನಮ್ಮ ಮೇಯರ್ ಗಾಳಿಗೆ ಮಂಡಿ ಕೊಟ್ಟು, ಮೂಗು ಮುಂದಾಗಿ ಚರ್ಚಿನೊಳಗೆ ಹೋದ.

ಬಾರ್ಸಿಲೋನಾದವರು ಇನ್ನೂ ನಗುತ್ತಿದ್ದಾರೆ. ನಾನು ನಗಲಿಲ್ಲ. ಎಲ್ಲರ ಕಣ್ಣೂ ಬೀಗದಕೈ ಮೇಲಿತ್ತು. ಅದರ ಕತ್ತಿನಲ್ಲಿ ಉಂಗುರದ ಹಾಗೆ ಹಿತ್ತಾಳೆಯ ಗೆರೆ ಹೊಳೆಯುತ್ತಿತ್ತು.

"ಯಾರೋ ಇದಕ್ಕೆ ಕೈ ಹಾಕಿದಾರೆ!" ಎಂದ ಕ್ರಿಸಾಂತೊ, ಮೂಗು ಹಿಡಿದುಕೊಂಡು.

ಪಾದ್ರಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಸತುರಿಯಾ, ನಿಮ್ಮ ಜೇನುಹುಳಗಳು ಬೆಸುಗೆ ಕೆಲಸಾನೂ ಕಲ್ತಿದಾವಾ?"

ಸೋರಿಯಾದಲ್ಲಿ ರಿಪೇರಿ ಮಾಡಿಸಿದೆ ಎಂಬ ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಬೀಗದಕೈ ಹಿಡಿಯ ಒಳಗಡೆ ಒತ್ತಿದ್ದ ಮೂರು ಚುಕ್ಕೆ ಕಣ್ಣಿಗೆ ಬಿತ್ತು. ಆ ಕೆಲಸವನ್ನು ಇನ್ಯಾವನೋ ಹೆಸರಿಗೆ ಬರೆಯಲು ನನಗೆ ಮನಸ್ಸಾಗಲಿಲ್ಲ. ನೂರಿಪ್ಪತ್ತು ಜನರ ಮುಂದೆ ಎಲ್ಲ ಹೇಳಿದೆ. ನಿಮ್ಮ ಊಟ, ಕೇಳದೆ ಬಿಟ್ಟ ಒತ್ತೆ, ಜೇನು ಕುಳಿತಿದ್ದು, ಚಿಲುಮೆ. ತಲೆ ಎತ್ತಿಕೊಂಡೇ ಹೇಳಿದೆ.

"ಹೊರಗಿನವರಿಗೆ ಒತ್ತೆ ಇಲ್ದೆ ಕೊಟ್ರಿ," ಎಂದರು ಪಾದ್ರಿ. ಗಟ್ಟಿಯಾಗಿ ಕೂಡ ಹೇಳಲಿಲ್ಲ. "ನಿಯಮಾನೂ ನಿಮ್ದೇ, ಮುರಿದಿದ್ದೂ ನೀವೇ. ಕೊಡಿ ಇಲ್ಲಿ." ಕೈ ಚಾಚಿದರು.

ಎಲಾದಿಯೊ ತಾತ ಕೋಲಿನಿಂದ ಕಲ್ಲಿನ ಮೇಲೆ ಒಂದು ಬಾರಿಸಿದ. "ತಡೀರಿ ಫಾದರ್. ಯಾರು ಹೊರಗಿನವನು?"

"ಆ ಸೈಕಲ್‌ನವರು."

"ನಮ್ಮೂರ ವಸ್ತು ಮುರೀತು ಅಂತ ತಾನೇ ಸರಿಮಾಡಿ, ಐದು ದಿನ ತುಳಿದು ತಂದು ಕೈಗೆ ಕೊಟ್ಟೋನು ಹೊರಗಿನವನಾ? ಇಲ್ಲೇ ಹುಟ್ಟಿದೋರು ಸರಗೋಸಾದಿಂದ ಕಾರಲ್ಲಿ ಬರೋಕೇ ಅಳ್ತಾರೆ." ನಾಲ್ಕೈದು ಜನ ನೆಲ ನೋಡಿದರು. "ಅವನನ್ನ ಸರದಿಗೆ ಹಾಕ್ಕೊಳ್ಳಿ. ಸರದಿಯವ್ರ ಹತ್ರ ಒತ್ತೆ ಕೇಳೋ ಪದ್ಧತಿ ನಮ್ಮಲ್ಲಿಲ್ಲ. ಅಲ್ಲಿಗೆ ಸತುರಿಯಾ ಮುರಿದಿದ್ದು ಏನು? ಏನೂ ಇಲ್ಲ."

"ತಾತ, ಸರದಿ ಹೊಗೆಯಾಡೋ ಮನೆಗೆ. ಅವರ ಹೊಗೆ ಎಲ್ಲಿದೆ?" ಎಂದರು ಪಾದ್ರಿ.

ಕ್ರಿಸಾಂತೊ ಟೈಯಿಂದ ಮೂಗು ಒರೆಸಿಕೊಂಡ. ತನ್ನನ್ನು ನೆಲಕ್ಕೆ ಕೆಡವಿದವನ ಪರವಾಗಿ ಇವನೆಲ್ಲಿ ಮಾತಾಡುತ್ತಾನೆ ಎಂದುಕೊಂಡಿದ್ದೆ. "ಮೇಷ್ಟ್ರ ಮನೆ ಹದಿನಾಲ್ಕು ವರ್ಷದಿಂದ ಖಾಲಿ. ಒಲೆ ಗಟ್ಟಿಯಾಗಿದೆ. ಪಂಚಾಯಿತಿ ಮನೆ, ನಾನು ಕೊಡ್ತೀನಿ. ಆ ಬಾಗಿಲು ಹಂಗೆ ತೆಗೆಯೋಕೆ ಬರೋ ಮನುಷ್ಯ ಊರಲ್ಲಿರ್ಬೇಕು," ಎಂದ.

ಹಳೆಯ ಪದ್ಧತಿಯಂತೆ ಪಡಸಾಲೆಯಲ್ಲೇ ಸಭೆಯಾಯಿತು. ಒಂಬತ್ತು ಮನೆಗೆ ಒಂಬತ್ತು ಕೈ ಎದ್ದವು. ಪಾದ್ರಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಕೆಟ್ಟ ಮನುಷ್ಯರಲ್ಲ ಅವರು. "ಸರಿ. ನವೆಂಬರ್ ಒಂದಕ್ಕೆ ಬರ್ತೀನಿ. ಮೇಷ್ಟ್ರ ಮನೆ ಚಿಮಣೀಲಿ ಹೊಗೆ ಕಂಡ್ರೆ ಬೀಗದಕೈ ನಿಮ್ಮದು. ಕಾಣದಿದ್ರೆ ನನ್ನದು," ಎಂದರು.

ಸರದಿ ಪುಸ್ತಕದಲ್ಲಿ ನವೆಂಬರ್ ತಿಂಗಳ ಎದುರಿಗೆ ನಿಮ್ಮ ಹೆಸರು ಬರೆದವಳು ನಾನೇ. ನನ್ನ ಅಕ್ಷರ ನೆಟ್ಟಗಿದೆ.

ಮನೆಗೆ ಬರುವಾಗ ತಾತ ಹೇಳಿದ: "ನನ್ನ ಕಣ್ಣು ಚೆನ್ನಾಗಿದೆ ಕಣಮ್ಮ. ಅವತ್ತು ನಿನ್ನ ಮುಖ ನೋಡಿ ಸರದಿ ಬಿಟ್ಟೆ."

ನನ್ನ ಕಣ್ಣೂ ಚೆನ್ನಾಗಿದೆ. ಚಿಲುಮೆಯ ಹತ್ತಿರ ನೀವು ಸೈಕಲ್ಲಿನಿಂದ ತಪ್ಪು ಮಗ್ಗುಲಿಗೆ ಇಳಿದಿರಿ. ಬಲಗೈಯನ್ನು ಎದೆಗೊತ್ತಿಕೊಂಡು ಎಡಗೈಯಲ್ಲಿ ಬೀಗದಕೈ ಕೊಟ್ಟಿರಿ. ಅವತ್ತೇ ಮನೆಗೆ ಬಂದು ನಿಮ್ಮ ಪತ್ರಗಳನ್ನು ಸಾಲಾಗಿ ಇಟ್ಟು ನೋಡಿದೆ. ಜೂನಿನ ಅಕ್ಷರ ಕೋಳಿಕಾಲು, ಜುಲೈ ಕೊನೆಯದು ಹಗ್ಗ ಹಿಡಿದ ಹಾಗೆ ನೇರ. ಹೆಗಲ ಮೂಳೆ ಕೂಡಲು ಆರು ವಾರ ಬೇಕು. ಕಣದ ಬಂಡಿಯಿಂದ ಬಿದ್ದ ನನ್ನ ತಮ್ಮನಿಗೂ ಅಷ್ಟೇ ಹಿಡಿದಿತ್ತು. ಮುರಿದದ್ದು ಬೀಗದಕೈ ಒಂದೇ ಅಲ್ಲ. ನೀವು ಹೇಳಲಿಲ್ಲ. ನಾನು ನಿಮಗೆ ಕೆಲಸವಿಲ್ಲವೆಂದು ಹಂಗಿಸಿದೆ.

ಆ ದಿನ ನಾನು ಬಾಯಿ ಬಿಗಿದು ನಿಂತದ್ದು ಏಕೆಂದರೆ, ಒಂದು ಮಾತಾಡಿದ್ದರೂ ನಿಮ್ಮನ್ನು ಮನೆಗೆ ಕರೆದು ಉಣಿಸದೆ ಇರಲಾಗುತ್ತಿರಲಿಲ್ಲ. ಹಾಗೆ ಮಾಡಿದ್ದರೆ ಎರಡು ತಿಂಗಳ ಗುಟ್ಟು ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆದರೂ ನೀರು ಬೇಕೇ ಎಂದು ಕೇಳಬೇಕಿತ್ತು. ಅದು ನನ್ನ ತಪ್ಪು.

ಊರವರನ್ನು ನಾವು 'ನೀವು' ಎನ್ನುವುದಿಲ್ಲ. ಬರ್ತೀಯಾ, ಫೆರ್ಮಿನ್? ದಪ್ಪ ಕೈಗವಸು ತಾ. ನವೆಂಬರಿನಲ್ಲಿ ಆ ಕಬ್ಬಿಣ ಕೈಗೆ ಅಂಟಿಕೊಳ್ಳುತ್ತದೆ.

ಸತುರಿಯಾ

*

ಮೊಂತರೇಹೊ, ಮೇಷ್ಟ್ರ ಮನೆ
1 ನವೆಂಬರ್ 1997

ಸತುರಿಯಾ,

ನೀನು ಸಮಾಧಿಗಳಿಗೆ ಹೂವಿಡಲು ನಿನ್ನ ತಾಯಿಯ ಊರಿಗೆ ಹೋಗಿದ್ದೀಯ. ಸಂಜೆ ಬಂದ ಕೂಡಲೇ ಓದಲೆಂದು ಇದನ್ನು ನಿನ್ನ ಬಾಗಿಲಡಿ ತೂರಿಸುತ್ತೇನೆ. ಇಲ್ಲಿಂದ ಅಲ್ಲಿಗೆ ಅರವತ್ತೆರಡು ಹೆಜ್ಜೆ. ನಾನು ಬರೆದ ಪತ್ರಗಳಲ್ಲಿ ಇದಕ್ಕೇ ಕಡಿಮೆ ದಾರಿ.

ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿದೆ. ಮೊದಲ ಅರ್ಧ ಗಂಟೆ ಹೊಗೆಯೆಲ್ಲ ಅಡುಗೆಮನೆಗೇ ಬಂತು. ಎಲಾದಿಯೊ ತಾತ ಬಂದು, "ಹೊಗೆ ಮೇಲೆ ಕಾಣ್ಬೇಕು ಕಣಪ್ಪ, ನಿನ್ನ ಕಣ್ಣಲ್ಲಲ್ಲ," ಎಂದು ಬೈದು, ಕೋಲು ಹಾಕಿ ಚಿಮಣಿಯಿಂದ ಹಕ್ಕಿಗೂಡು ಕೆಡವಿದ. ಆಮೇಲೆ ನೆಟ್ಟಗೆ ಏರಿತು. ಹತ್ತೂಕಾಲಿಗೆ ಪಾದ್ರಿಯ ಕಾರು ಬಂತು. ಇಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಚಿಮಣಿ ನೋಡಿದರು, ನನ್ನತ್ತ ಟೋಪಿ ಎತ್ತಿದರು, ಮುಂದಿನ ಊರಿಗೆ ಹೋದರು.

ಹನ್ನೆರಡಕ್ಕೆ ವಯ್ಯದೊಲಿದ್ ಕಡೆಯ ಇಬ್ಬರು ಸೈಕಲ್ಲಿನಲ್ಲಿ ಬಂದರು, ಒಬ್ಬ ಹುಡುಗಿ, ಅವಳ ಅಣ್ಣ. ಚರ್ಚಿನ ಬೀಗದಕೈ ಯಾರ ಹತ್ತಿರ ಎಂದು ಕೇಳಿದರು. "ಒತ್ತೆ ಏನಿಡ್ತೀರಿ?" ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ನಕ್ಕರು. ನಾನು ನಗಲಿಲ್ಲ. ಹುಡುಗಿ ಹೆಲ್ಮೆಟ್ ಬಿಚ್ಚಿ ಕೊಟ್ಟಳು. ಪುಸ್ತಕದಲ್ಲಿ ಬರೆದುಕೊಂಡೆ. ಸಾರು ಉಣ್ಣಲು ಕೂರಿಸಿದ್ದು ಅದಾದ ಮೇಲೆ. ಮೊದಲೇ ಉಣಿಸಿದರೆ ಒತ್ತೆ ಕೇಳಲಾಗದು ಎಂಬುದನ್ನು ನಿನ್ನಿಂದ ಕಲಿತಿದ್ದೇನೆ.

ಹೊರಡುವಾಗ ಹುಡುಗಿ ಕೇಳಿದಳು: "ತಾತ, ನೀವು ಈ ಊರಿನವರೇನಾ? ಮಾತು ಬೇರೆ ಥರ ಇದೆ."

"ಹೌದಮ್ಮ," ಎಂದೆ. "ಈ ತಿಂಗಳು ಬೀಗದಕೈ ನಮ್ಮನೇದು."

ಫೆರ್ಮಿನ್